ಜವರ ತಿರುಗಿಸಿದ ಬಿಲ್ಲೆ

ಕೊರೋನಾ ಗಲಾಟೆ ತಣ್ಣಗಾದ ಮರುವರ್ಷ ನಾನು ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಸೂಪರ್‌ವೈಸರ್ ಆಗಿದ್ದೆ. ಅದಕ್ಕೂ ಮುಂಚೆ ಇಪ್ಪತ್ತು ವರ್ಷ ನೌಕಾಪಡೆಯ ಹಡಗುಗಳ ಎಂಜಿನ್ ರೂಮಿನಲ್ಲಿ ಬೆವರು ಸುರಿಸಿ, ಚೀಫ್ ಆಗಿ ನಿವೃತ್ತನಾದವನು. ಸೋಮನಹಳ್ಳಿಯ ಮನೆಯಿಂದ ಬೈಕಿನಲ್ಲಿ ಹೋಗಿಬರುವ ಕೆಲಸ, ಇನ್ನು ನೆಮ್ಮದಿ ಎಂದುಕೊಂಡಿದ್ದೆ. ನನ್ನ ಗ್ರಹಚಾರ! ನನ್ನ ಹಳೆಯ ಹಡಗಿನ ಇನ್ನಿಬ್ಬರು ಅಲ್ಲಿಗೇ ಬಂದು ವಕ್ಕರಿಸಿದರು. ಮ್ಯಾನೇಜರಿಗೆ ಹೇಳಿ ಸೇರಿಸಿದವನೂ ನಾನೇ, ಯಾರನ್ನು ದೂರಲಿ?

ಒಬ್ಬ ಮಳವಳ್ಳಿ ಕಡೆಯ ಜವರೇಗೌಡ, ಬಾಯ್ಲರ್ ಆಪರೇಟರ್. ನಾವಿಬ್ಬರೂ ಒಂದೇ ಬ್ಯಾಚು. ಅವನಿಗೆ ಕ್ಯಾಂಟೀನು ಇವತ್ತಿಗೂ ‘ಮೆಸ್ಸು’, ನೆಲ ‘ಡೆಕ್ಕು’. ಒಂದೇ ಬಿರುಗಾಳಿಯ ಕಥೆಯನ್ನು ನೂರು ಸಲ ಹೇಳಿದ್ದಾನೆ, ಪ್ರತಿ ಸಲವೂ ಅಲೆ ಎರಡು ಅಡಿ ಎತ್ತರವಾಗುತ್ತದೆ. ಇನ್ನೊಬ್ಬ ಮದ್ದೂರು ಪೇಟೆಯ ನಯಾಜ್, ನಮಗಿಂತ ಕಿರಿಯ, ಫಿಟ್ಟರ್. ಅವನ ಕೈಯಲ್ಲಿ ಚಿನ್ನದಂಥ ಕೆಲಸ, ತಲೆಯಲ್ಲಿ ಮಾತ್ರ ಒಂದು ಮಾತೂ ನಿಲ್ಲುವುದಿಲ್ಲ.

ಕಾರ್ಖಾನೆಗೆ ನಾನು ತಂದ ಒಂದು ಪದ್ಧತಿಯೆಂದರೆ ಬಿಲ್ಲೆ. ಯಾರಾದರೂ ಟ್ಯಾಂಕಿನೊಳಗೆ ಇಳಿಯುವ ಮುನ್ನ ಏಣಿಯ ಬುಡದ ಹಲಗೆಯಲ್ಲಿ ತನ್ನ ಹೆಸರಿನ ಬಿಲ್ಲೆಯ ಕೆಂಪು ಮುಖವನ್ನು ಮುಂದಕ್ಕೆ ತಿರುಗಿಸಬೇಕು. ಹೊರಗೆ ಬಂದಮೇಲೆ ಹಸಿರು. ಒಬ್ಬರ ಬಿಲ್ಲೆಯನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಇಷ್ಟೇ ನಿಯಮ. ನಯಾಜ್‌ಗೆ ಇದನ್ನು ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಮೂರು ಸಲ ಹೊರಗೆ ಬಂದು ಹಸಿರು ಮಾಡುವುದನ್ನೇ ಮರೆತ. ಮೂರನೆಯ ಸಲ ನಾವು ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ಹುಡುಕುತ್ತಿದ್ದರೆ, ಪುಣ್ಯಾತ್ಮ ಹೆದ್ದಾರಿ ಪಕ್ಕದ ಅಂಗಡಿಯಲ್ಲಿ ಟೀ ಕುಡಿಯುತ್ತಿದ್ದ. ಇಡೀ ಪ್ಲಾಂಟಿಗೆ ಕೇಳುವಂತೆ ಕೂಗಾಡಿದೆ. “ಇನ್ನೊಂದ್ ಸಲ ಮರ್ತ್ರೆ ಮ್ಯಾನೇಜರ್‌ಗೆ ಬರ್ದು ಕೊಡ್ತೀನಿ, ಮನೆಗ್ ಹೋಗ್ತೀಯ!” ಎಂದೆ. ಅವನಿಗೆ ಮೂರು ಹೆಣ್ಣುಮಕ್ಕಳು. ಮುಖ ಬಿಳಿಚಿಕೊಂಡಿತು.

ಅದಾದ ಮುಂದಿನ ತಿಂಗಳು ಬಾಯ್ಲರಿನ ವಾರ್ಷಿಕ ಸ್ವಚ್ಛತೆ ಬಂತು. ಬಾಯ್ಲರಿಗೆ ನೀರು ಕೊಡುವ ಫೀಡ್ ಟ್ಯಾಂಕು ಆಳೆತ್ತರಕ್ಕಿಂತ ಹೆಚ್ಚು, ನಡುವೆ ಉಕ್ಕಿನ ಅಡ್ಡಗೋಡೆ. ಅಂದು ಒಳಗೆ ಇಳಿದವನು ನಯಾಜ್. ಹೊರಗೆ ಕಾವಲಿಗೆ ಜವರ. ಮಧ್ಯಾಹ್ನ ಎರಡರ ಹೊತ್ತಿಗೆ ಬಿಸಿನೀರು ಬಿಟ್ಟು ಟ್ಯಾಂಕು ತೊಳೆದು, ಆಮೇಲೆ ಮುಚ್ಚಳ ಹಾಕಬೇಕಿತ್ತು. ಮ್ಯಾನೇಜರ್ ಫೋನಿನ ಮೇಲೆ ಫೋನು ಮಾಡಿ ನನ್ನ ತಲೆ ತಿನ್ನುತ್ತಿದ್ದರು.

ಒಂದೂವರೆಗೆ ಜವರ ಕಾವಲು ಬಿಟ್ಟು, ಮನೆಯ ಬುತ್ತಿ ಉಣ್ಣಲು ಗೇಟಿನ ಬಳಿಯ ಮರದಡಿಗೆ ಹೋದ. ಹೋಗಬಾರದಿತ್ತು, ಹೋದ. ತಿರುಗಿ ಬಂದಾಗ ಒಳಗಿನಿಂದ ಸದ್ದಿಲ್ಲ, ಬಿಲ್ಲೆ ಮಾತ್ರ ಕೆಂಪು. ನಯಾಜನೂ ಊಟಕ್ಕೆ ಹೋಗಿದ್ದಾನೆ, ಮತ್ತೆ ಮರೆತಿದ್ದಾನೆ ಎಂದು ಲೆಕ್ಕ ಹಾಕಿದ. ನಾನು ಬಂದು ನೋಡಿದರೆ ಪಾಪದವನ ಕೆಲಸ ಹೋಗುತ್ತದೆ ಎಂದು ಬಿಲ್ಲೆಯನ್ನು ಹಸಿರಿಗೆ ತಿರುಗಿಸಿಬಿಟ್ಟ!

ಇದು ಹಡಗಿನ ಹಳೆಯ ಚಾಳಿ. ರಜೆ ಮುಗಿಸಿ ಬಂದವರು ಹಡಗು ಹತ್ತುವ ಗ್ಯಾಂಗ್‌ವೇ ಬಳಿಯ ಹಲಗೆಯಲ್ಲಿ ತಮ್ಮ ಬಿಲ್ಲೆ ತಿರುಗಿಸಬೇಕು. ತಡವಾದವನ ಬಿಲ್ಲೆಯನ್ನು ಗೆಳೆಯರೇ ತಿರುಗಿಸಿ ಶಿಕ್ಷೆ ತಪ್ಪಿಸುತ್ತಿದ್ದರು. ಮದ್ರಾಸಿನ ರೈಲು ತಪ್ಪಿಸಿಕೊಂಡ ನನ್ನ ಬಿಲ್ಲೆಯನ್ನೂ ಇದೇ ಜವರ ಒಮ್ಮೆ ತಿರುಗಿಸಿದ್ದ. ಅಂದು ಅವನನ್ನು ತಬ್ಬಿಕೊಂಡಿದ್ದೆ. ಈಗ ಅವನನ್ನು ಯಾವ ಬಾಯಲ್ಲಿ ಬಯ್ಯಲಿ?

ಎರಡಕ್ಕೆ ನಾನು ಬಂದೆ. ಹಸಿರು ನೋಡಿದೆ. ಹಡಗಿನಲ್ಲಾಗಿದ್ದರೆ ಏಣಿ ಹತ್ತಿ, ಸ್ಪ್ಯಾನರಿನಿಂದ ಟ್ಯಾಂಕು ಬಡಿದು, ಹೆಸರು ಹಿಡಿದು ಕೂಗಿ, ಆಮೇಲೆ ವಾಲ್ವು ಮುಟ್ಟುತ್ತಿದ್ದೆ. ಅಂದು ಫೋನು ಮತ್ತೆ ರಿಂಗಾಯಿತು. ನೇರ ಗೋಡೆಯಾಚೆಯ ಪಂಪ್ ರೂಮಿಗೆ ಹೋಗಿ ವಾಲ್ವು ತೆಗೆದೆ. ನಾನೇ, ನನ್ನ ಕೈಯಾರೆ.

ಅತ್ತ ಜವರ ತಾನು ಮಾಡಿದ ಉಪಕಾರ ಹೇಳಿಕೊಂಡು ಒಂದು ಟೀ ಗಿಟ್ಟಿಸೋಣವೆಂದು ನಯಾಜನನ್ನು ಹುಡುಕಿ ಕ್ಯಾಂಟೀನಿಗೆ ಹೋಗಿದ್ದಾನೆ. ಅಲ್ಲಿ ಅವನಿಲ್ಲ. ಬಂದೇ ಇಲ್ಲವೆಂದರಂತೆ. ಆ ಭಾರೀ ಮೈಯವನು ಓಡಿ ಬಂದದ್ದನ್ನು ನಾನು ಅದೇ ಮೊದಲು ನೋಡಿದ್ದು.

“ಮುಚ್ಲಾ! ವಾಲ್ವ್ ಮುಚ್ಲಾ! ನಯಾಜ ಒಳ್ಗವ್ನೆ ಕಣ್ಲಾ!”

ಮುಚ್ಚಿದೆ. ಏಣಿ ಹತ್ತಿದೆವು. ಅಡ್ಡಗೋಡೆಯಾಚೆ ಬಟ್ಟೆಯಲ್ಲಿ ಒರೆಸುತ್ತ ಕುಳಿತಿದ್ದ ನಯಾಜ್ ಪೈಪು ಹಿಡಿದು ನೇತಾಡುತ್ತಿದ್ದ. ಎರಡು ಪಾದವೂ ಬೆಂದು ಕೆಂಪಾಗಿದ್ದವು. ಇನ್ನೆರಡು ನಿಮಿಷ ಕಳೆದಿದ್ದರೆ, ಬೇಡ, ಅದನ್ನು ಬರೆಯಲು ನನ್ನಿಂದಾಗದು.

ಮಂಡ್ಯದ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ವರದಿ ಬರೆಯಲು ಅವನ ಹೇಳಿಕೆ ಬೇಕಿತ್ತು. ಹೋಗಿ ಕೇಳಿದರೆ ಮಹಾಶಯ ಹೇಳುತ್ತಾನೆ: “ಬಿಲ್ಲೆ ಕೆಂಪು ಮಾಡೋದು ನಾನೇ ಮರ್ತಿದ್ದು ಅಂತ ಬರ್ಕೊ ಅಣ್ಣಾ. ಜವರಣ್ಣನ್ ಸುದ್ದಿ ಬ್ಯಾಡ.”

“ಅವ್ನು ನಿನ್ನ ಬೇಯಿಸ್ತಿದ್ದ ಕಣೋ!”

“ಬೇಯಿಸ್ಬೇಕು ಅಂತ ಮಾಡುದ್ನಾ? ನಿನ್ ಬಾಯಿಗೆ ಎದ್ರಿ ಮಾಡ್ದ. ನಾವಿಬ್ರೂ ನಿನ್ ಬಾಯಿಗೆ ಎದ್ರುಕೋತೀವಿ ಅಣ್ಣಾ.”

ತಲೆ ಚಚ್ಚಿಕೊಳ್ಳೋಣ ಅನ್ನಿಸಿತು. ಇತ್ತ ಜವರ ಬೆಳಿಗ್ಗೆಯೇ ರಾಜೀನಾಮೆ ಬರೆದು ತಂದಿದ್ದ. ಒಬ್ಬ ಸುಳ್ಳು ಹೇಳಿ ಉಳಿಸುತ್ತಾನೆ, ಇನ್ನೊಬ್ಬ ಕೆಲಸ ಬಿಟ್ಟು ತೀರಿಸುತ್ತಾನೆ. ಇವರ ದೋಸ್ತಿಗೆ ಬೆಂಕಿ ಬೀಳ! ಆದರೆ ನಯಾಜನ ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಬಯ್ದು ಬಯ್ದು ಆ ಬಿಲ್ಲೆ ಸುಳ್ಳು ಹೇಳುವಂತೆ ಮಾಡಿದವನು ನಾನು.

ವರದಿಯಲ್ಲಿ ಇದ್ದದ್ದನ್ನು ಇದ್ದಂತೆಯೇ ಬರೆದೆ: ಜವರ ಕಾವಲು ಬಿಟ್ಟದ್ದು, ಬಿಲ್ಲೆ ತಿರುಗಿಸಿದ್ದು, ನಾನು ಬಡಿದು ಕೂಗದೆ ವಾಲ್ವು ತೆಗೆದದ್ದು, ನನ್ನ ಕೂಗಾಟ ಕೂಡ. ಜವರನ ರಾಜೀನಾಮೆ ಒಪ್ಪದೆ ಅವನನ್ನು ಬಾಯ್ಲರಿನಿಂದ ಪ್ಯಾಕಿಂಗಿಗೆ ಹಾಕಿದರು. ನನ್ನ ಸೂಪರ್‌ವೈಸರ್ ಹುದ್ದೆ ಹೋಗಿ ಶಿಫ್ಟ್ ಮೆಕ್ಯಾನಿಕ್ ಆದೆ. ಜವರ ಏಳು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಪೆಟ್ರೋಲ್ ಉಳಿಸಲು ನನ್ನ ಬೈಕಿನ ಹಿಂದೆ ಮಾತ್ರ ಹತ್ತುತ್ತಿದ್ದ, ಮುಖ ಆಚೆ ತಿರುಗಿಸಿಕೊಂಡು!

ನಯಾಜ್ ವಾಸಿಯಾಗಿ ಬಂದಮೇಲೆ ಮತ್ತೆ ಅದೇ ಟ್ಯಾಂಕಿಗೆ ಇಳಿಯುವ ದಿನ ಬಂತು. ಹೊಸ ಸೂಪರ್‌ವೈಸರ್ ಕಾವಲಿಗೆ ಯಾರನ್ನೋ ನಿಲ್ಲಿಸಹೊರಟರೆ ನಯಾಜ್ ಏಣಿಗೆ ಕಾಲೇ ಇಡಲಿಲ್ಲ. “ಜವರಣ್ಣ ನಿಂತ್ರೆ ಇಳೀತೀನಿ. ಇಲ್ದಿದ್ರೆ ಇಲ್ಲ” ಎಂದ.

ಪ್ಯಾಕಿಂಗಿನಿಂದ ಜವರನನ್ನು ಕರೆಸಿದರು. ಬಂದವನೇ ಏಣಿ ಹತ್ತಿದ. ಎರಡು ಗಂಟೆ ಏಣಿಯ ತುದಿಯಲ್ಲಿ ನಿಂತ, ನೀರು ಕುಡಿಯಲೂ ಕೆಳಗಿಳಿಯಲಿಲ್ಲ. ನಾನು ಕೆಳಗೆ ಸ್ಪ್ಯಾನರ್ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಒಳಗೆ ಯಾರಿದ್ದಾರೆ ಎಂಬುದನ್ನು ಬಿಲ್ಲೆ ನೋಡಿ ನಂಬಬಾರದು, ಕೂಗಿ ಕೇಳಬೇಕು. ಹೆದರದೆ ಓಗೊಡುವಷ್ಟು ಸಲುಗೆಯನ್ನೂ ಅವರಿಗೆ ಕೊಟ್ಟಿರಬೇಕು. ಇಪ್ಪತ್ತು ವರ್ಷದ ಸಮುದ್ರ ಕಲಿಸದ್ದನ್ನು ನಾನು ಗೆಜ್ಜಲಗೆರೆಯಲ್ಲಿ ಕಲಿತೆ.

ಎರಡೆರಡು ನಿಮಿಷಕ್ಕೊಮ್ಮೆ ಜವರ ಟ್ಯಾಂಕಿನೊಳಗೆ ಬಗ್ಗಿ ಕೂಗುತ್ತಿದ್ದ: “ನಯಾಜಾ, ಇದ್ದೀಯೇನ್ಲಾ?”

ಒಳಗಿನಿಂದ ರೇಗಿದ ದನಿ ಬರುತ್ತಿತ್ತು: “ಇವ್ನಿ ಕಣಣ್ಣೋ! ಕೆಲ್ಸ ಮಾಡಾಕ್ ಬುಡು!”