ಸಮ ಮಾಡಿದ ಹಿಮ್ಮಡಿ

ಅಕ್ಕನ ಮಗನನ್ನು ಬೀದಿಯವರೆಲ್ಲ ಕುದುರೆ ಎಂದೇ ಕರೆಯುತ್ತಿದ್ದರು. ಎದುರಿನ ಅಂಗಡಿಯಿಂದ ಉಪ್ಪು ತರಲು ಕಳಿಸಿದರೂ ಓಡಿಯೇ ಹೋಗುತ್ತಿದ್ದ. ಗೋದಾಮಿನಲ್ಲಿ ಪೆಟ್ಟಿಗೆ ಹೊತ್ತು ಬಂದವನು ಸಂಜೆ ಮೈದಾನ ಸುತ್ತಿ, ಎಷ್ಟು ನಿಮಿಷವಾಯಿತೆಂದು ಅಡುಗೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಸೇನೆಗೆ ಸೇರಬೇಕೆಂಬ ಹುಚ್ಚು. ಆದರೆ ಎಡಗಾಲಿನ ಮೂಳೆ, ಮೊಣಕಾಲಿನ ಕೆಳಗೆ, ಎರಡು ಸಲ ಬಿರುಕು ಬಿಟ್ಟಿತ್ತು. ಎರಡು ಸಲವೂ ಭರ್ತಿ ಕೈತಪ್ಪಿತು. ಈ ಸಲವೂ ತಪ್ಪಿದರೆ ವಯಸ್ಸು ಮೀರುತ್ತದೆ.

ಅಕ್ಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು: "ಮತ್ತೆ ಕಾಲುನೋವು ಅಂತ ಗೊತ್ತಾದ್ರೆ ಓಟ ಬಂದ್."

ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ನಾವಿಬ್ಬರೂ ಅಪ್ಪನ ಶೂ ರಿಪೇರಿ ಅಂಗಡಿಯಲ್ಲಿ ಬೆಳೆದವರು. ಅಂಗಡಿ ಈಗ ನನ್ನದು. ಅಟ್ಟೆ ಸವೆದ ರೀತಿ ನೋಡಿದರೆ ಸಾಕು, ಆಸಾಮಿ ಯಾವ ಕಾಲಿಗೆ ಭಾರ ಕೊಡದೆ ನಡೆಯುತ್ತಾನೆಂದು ಇಬ್ಬರಿಗೂ ತಿಳಿಯುತ್ತದೆ. ದಿನಾ ಸಂಜೆ ಅವಳು ಮಗನ ಶೂ ತಿರುಗಿಸಿ ನೋಡುತ್ತಿದ್ದಳು.

ಭರ್ತಿಗೆ ಐದು ವಾರವಿದ್ದಾಗ ಕುದುರೆ ಅಂಗಡಿಗೆ ಬಂದು ಬಲಗಾಲಿನ ಶೂ ನನ್ನ ಮುಂದಿಟ್ಟ. ಭಾರವೆಲ್ಲ ಆ ಕಾಲಿಗೇ ಬಿದ್ದು ಹಿಮ್ಮಡಿಯ ಹೊರಅಂಚು ಸವೆದು ಓರೆಯಾಗಿತ್ತು.

"ಎಡಗಾಲು ಮತ್ತೆ ಶುರುವಾಯ್ತೇನೋ?"

"ಸ್ವಲ್ಪ. ಇದನ್ನ ಸಮ ಮಾಡ್ಕೊಡಿ ಮಾವ. ಅಮ್ಮ ನೋಡ್ತಾಳೆ."

"ಮೊದ್ಲು ಡಾಕ್ಟರ್ ಹತ್ರ ಹೋಗು."

"ಹೋದ್ರೆ ಆರು ವಾರ ಮಲಗು ಅಂತಾರೆ. ಇರೋದು ಐದೇ."

ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಅಂಟಿನ ಡಬ್ಬಿ ಎಳೆದುಕೊಂಡೆ. ತೆಳ್ಳನೆಯ ರಬ್ಬರ್ ಕೂರಿಸಿ, ಉಜ್ಜಿ, ಹೊಸದೆಂದು ಕಾಣದಿರಲಿ ಎಂದು ಧೂಳು ಮೆತ್ತಿದೆ. ಕೆಲಸ ಎಷ್ಟು ಚೆನ್ನಾಗಿತ್ತೆಂದರೆ, ನನಗೆ ನಾನೇ ಶಹಭಾಸ್ ಅಂದುಕೊಂಡೆ, ಎಡಬಿಡಂಗಿ ನಾನು.

ಆಮೇಲೆ ವಾರವಾರವೂ ಅದೇ ಕೆಲಸ. ಸಲದಿಂದ ಸಲಕ್ಕೆ ಸವೆತ ಹೆಚ್ಚುತ್ತಿತ್ತು, ರಬ್ಬರ್ ದಪ್ಪವಾಗುತ್ತಿತ್ತು. ಅಕ್ಕನಿಗೆ ಹೇಳಿಬಿಡೋಣವೆಂದು ಎರಡು ಸಲ ಅವಳ ಅಡುಗೆಮನೆಯ ಬಾಗಿಲವರೆಗೆ ಹೋಗಿ, ಗೋಡೆಯ ಮೇಲಿನ ನಿಮಿಷಗಳನ್ನು ನೋಡಿ ವಾಪಸು ಬಂದೆ. ಅವಳಂತೂ ಏನನ್ನೂ ಕೇಳಲಿಲ್ಲ.

ಭರ್ತಿಯ ದಿನ ಓಟದ ಮೈದಾನದ ಬೇಲಿ ಹಿಡಿದು ನಿಂತಿದ್ದೆ. ಒಟ್ಟು ನಾಲ್ಕು ಸುತ್ತು. ಮೂರು ಸುತ್ತು ಕುದುರೆ ಮುಂದಿನವರ ಜೊತೆಗೇ ಇದ್ದ. ನಾಲ್ಕನೆಯದರ ತಿರುವಿನಲ್ಲಿ ಎಡಗಾಲು ಊರಿದವನು ಹಾಗೇ ಕುಸಿದ. ಎದ್ದ, ಎರಡು ಹೆಜ್ಜೆ ಕುಂಟಿದ, ಮತ್ತೆ ಕುಸಿದ. ಮುಗಿಯುವ ಗೆರೆ ಅಲ್ಲೇ ಕಾಣುತ್ತಿತ್ತು.

ಮೂಳೆ ಪೂರ್ತಿ ಮುರಿದಿದೆ, ಇನ್ನು ಓಟದ ಮಾತೇ ಬೇಡ ಎಂದರು ಆಸ್ಪತ್ರೆಯಲ್ಲಿ. ಅಕ್ಕ ಬಂದು ಮಗನ ಹಣೆ ಸವರಿದಳು. ಆಮೇಲೆ ಮಂಚದ ಕೆಳಗಿದ್ದ ಬಲಗಾಲಿನ ಶೂ ಎತ್ತಿ, ಹಿಮ್ಮಡಿಯ ಮೇಲೆ ಹೆಬ್ಬೆರಳು ಆಡಿಸಿದಳು.

"ತಪ್ಪಾಯ್ತು ಅಕ್ಕ," ಅಂದೆ. "ನಿಂಗೆ ಗೊತ್ತಾಗ್ಬಾರ್ದು ಅಂತ ಮಾಡ್ದೆ."

"ಮೊದಲ್ನೇ ವಾರಾನೇ ಗೊತ್ತಾಯ್ತು. ನಿನ್ನ ಕೈಕೆಲಸ ನಂಗೆ ಗೊತ್ತಾಗಲ್ವಾ?"

"ಮತ್ತೆ ಯಾಕೆ ಸುಮ್ನಿದ್ದೆ?"

ಅವಳು ಶೂ ನನ್ನ ಕೈಗಿಟ್ಟಳು.

"ಕಾಲು ನಿಜವಾಗ್ಲೂ ಕೆಟ್ಟಿದ್ರೆ ನೀನು ರಬ್ಬರ್ ಹಚ್ತಿರ್ಲಿಲ್ಲ ಅಂದ್ಕೊಂಡೆ. ನೀನಿದ್ದೀಯಲ್ಲ ಅಂತ ಸುಮ್ನಿದ್ದೆ."