ಕೋಟೆ ದಿಣ್ಣೆಯ ಮಣ್ಣು

ಇವತ್ತು ಹಳೇಬೀಡಿನಲ್ಲಿ ನಮ್ಮ ಹೊಸ ಮನೆಯ ಪಾಯಕ್ಕೆ ಟ್ರ್ಯಾಕ್ಟರಿನವನು ಮಣ್ಣು ಸುರಿದ. ಅದರ ತಣ್ಣನೆಯ ವಾಸನೆಗೆ ಅಜ್ಜಿ ನೆನಪಾದಳು.

ಒಲೆ ಹಾಕಲು ಅಜ್ಜಿ ಹಳೆಯ ಕೋಟೆ ದಿಣ್ಣೆಯಿಂದಲೇ ಮಣ್ಣು ತರುತ್ತಿದ್ದಳು. ಒಂದು ಮಂಕರಿ ತೆಗೆಯುವ ಮೊದಲು, ಒಡೆದ ಹಳೇ ಒಲೆಯ ಮಣ್ಣನ್ನು ಅಲ್ಲಿಗೇ ಹಿಂದಿರುಗಿಸುತ್ತಿದ್ದಳು. ದಿಣ್ಣೆಯ ಮೈಯಲ್ಲಿ ಒಂದು ಕಡೆ, ಕೋಟೆ ಕಟ್ಟುವಾಗ ಯಾರೋ ಹಸಿಮಣ್ಣಿಗೆ ಒತ್ತಿದ ಬೆರಳ ಗುಳಿಗಳಿದ್ದವು. ಚಿಕ್ಕವಳಿದ್ದಾಗ ಒಮ್ಮೆ ನಾನು ಅವುಗಳಲ್ಲಿ ಕೈಯಿಟ್ಟೆ. ಐದೂ ಬೆರಳು ಸರಿಯಾಗಿ ಕೂತವು.

"ನಿನ್ನಂಗೇ ಯಾವ್ದೋ ಮಗೀಂದು," ಎಂದು ಅಜ್ಜಿ ನನ್ನ ಕೈ ಎಳೆದಳು. "ಸಾಕು ತೆಗಿ ಕಣೆ. ಕೊಡ್ದೆ ಮಣ್ಣು ತಗಂಡೋರ್ನ ಕೋಟೆ ಕಟ್ಟಿದೋರು ಹಿಡ್ಕಂತಾರೆ."

"ಎಲ್ಲೀ ಮಣ್ಣಪ್ಪ ಇದು?" ಎಂದು ಈಗ ಟ್ರ್ಯಾಕ್ಟರಿನವನನ್ನು ಕೇಳಿದೆ.

"ಕೋಟೆ ದಿಣ್ಣೇದು ಕಣಕ್ಕ. ಇನ್ನೂ ನಾಕು ಲೋಡ್ ಐತೆ."

ಹಿಂದಿನಿಂದ ಮಗಳು ಕರೆದಳು. ಒಂದು ದೊಡ್ಡ ಹೆಂಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು.

"ಅಮ್ಮ, ನೋಡು. ನನ್ನ ಬೆರಳು ಸರಿಯಾಗಿ ಕೂರುತ್ತೆ."