ನಡೆಮಡಿಯಲ್ಲಿ ಒಂದು ಹಸಿರು ಸೀರೆ

ಕೊರೊನಾ ಮುಗಿದು ಎರಡು ವರ್ಷವಾಗಿತ್ತು. ಹುಲಿಕುಂಟೆ ಕಡೆಯ ನಮ್ಮೂರಿನ ತೇರಿಗೆ ನಡೆಮಡಿ ಹಾಸುವ ಕೆಲಸ ಊರ ಬಟ್ಟೆ ಒಗೆಯುವ ನಮ್ಮ ಮನೆಯದು. ಗಂಡನ ಮಂಡಿ ಕೆಟ್ಟ ಮೇಲೆ ಇಪ್ಪತ್ತು ವರ್ಷ ನಾನೇ ಮಾಡಿದ್ದೆ. ನಡೆಮಡಿ ಎಂದರೆ, ದೇವರನ್ನು ಗುಡಿಯಿಂದ ತೇರಿಗೆ ಹೊತ್ತು ತರುವಾಗ ಹೊತ್ತವರ ಕಾಲು ನೆಲಕ್ಕೆ ತಾಗದಂತೆ ಒಗೆದ ಸೀರೆ ಹಾಸುವುದು. ಮನೆಗೊಂದು ಸೀರೆ ಕೊಡುತ್ತಾರೆ. ಹಿಂದಿನದನ್ನು ಎತ್ತಿ ಮುಂದಕ್ಕೆ ಹಾಸುತ್ತಾ ಹೋಗಬೇಕು. ನನಗೆ ಅಕ್ಷರ ಅಷ್ಟಕ್ಕಷ್ಟೆ. ಯಾರ ಮನೆಯ ಬಟ್ಟೆ ಎಂಬುದನ್ನು ಮೂಲೆಯಲ್ಲಿ ನಾವೇ ಹಾಕಿದ, ಒಗೆದರೂ ಹೋಗದ ಗೇರುಕಾಯಿ ಮಸಿಯ ಚುಕ್ಕೆ ನೋಡಿ ತಿಳಿಯುತ್ತೇನೆ.

ಸಾವಾದ ಮನೆಯ ಸೀರೆಯನ್ನು ವರ್ಷ ತುಂಬುವ ತನಕ ಹಾಸುವಂತಿಲ್ಲ. ತೇರಿಗೆ ನಾಲ್ಕು ದಿನ ಇರುವಾಗ ಗಿರಿಜ ಬಂದಳು. ಅವಳ ತಾಯಿ ರಂಗಮ್ಮ ಸತ್ತು ಐದು ತಿಂಗಳಾಗಿತ್ತು. ರಂಗಮ್ಮ ಪ್ರತಿ ತೇರಿಗೂ ಕೊಡುತ್ತಿದ್ದ ಹಸಿರು ಸೀರೆ ಹುಡುಗಿಯ ಕೈಯಲ್ಲಿತ್ತು.

"ಇದೊಂದ್ಸಲ ಹಾಸ್ಬುಡಜ್ಜಿ. ಸಾಯೋ ಮುಂಚೆ ಅವ್ವ ಕೇಳಿದ್ದು ಅದೊಂದೇ."

"ಆಗಾಕಿಲ್ಲ. ಅಳ್ಬೇಡ, ಮೂಗು ಒರಸ್ಕೊ."

"ಒಗ್ದಾದ್ರೂ ಕೊಡು. ಅವ್ವನ ನೆಪ್ಪಿಗೆ ಮಡೀಕಂತೀನಿ."

ತೇರಿನ ದಿನ ಅರ್ಧ ದಾರಿಗೆ ಬಂದಿದ್ದೆವು. ಗಂಟಿನಿಂದ ಒಂದು ಸೀರೆ ತೆಗೆದು ಕೊಡವಿ ಹಾಸಿದೆ. ಮೂಲೆಯಲ್ಲಿ ಮೂರು ಚುಕ್ಕೆ. ರಂಗಮ್ಮನ ಮನೆಯದು! ಒಗೆದು ಗಿರಿಜಳಿಗೆ ಕೊಡಲೆಂದು ಬೇರೆ ಇಡಬೇಕಿದ್ದ ಸೀರೆಯನ್ನು, ಇಪ್ಪತ್ತು ವರ್ಷದ ರೂಢಿಗೆ, ನನ್ನ ಕೈ ನಡೆಮಡಿಗೆ ಮಡಿಸುವಂತೆಯೇ ಮಡಿಸಿ ಗಂಟಿಗೆ ಸೇರಿಸಿತ್ತು. ಎಳೆದುಬಿಡೋಣವೆಂದು ಬಗ್ಗಿದೆ. ಜನರ ನಡುವೆ ಗಿರಿಜ ಕಂಡಳು. ಸೀರೆ ನೋಡುತ್ತಾ ಬಾಯಿಗೆ ಕೈ ಅಡ್ಡ ಹಿಡಿದು ನಿಂತಿದ್ದಳು. ಎಳೆಯಲಿಲ್ಲ.

ಮುಂದೆ ನಡೆಯುತ್ತಿದ್ದ ಊರ ಗೌಡರು ನಿಂತರು. "ಇದ್ಯಾರ ಮನೇದು ಕಣಮ್ಮ? ರಂಗಮ್ಮನ್ದಿದ್ದಂಗೈತೆ?"

"ನಂದು. ಊರಿಗೆಲ್ಲ ರಂಗಮ್ಮನ್ದೊಂದೇನಾ ಹಸ್ರು ಸೀರೆ? ನಡೀರಿ ಗೌಡ್ರೆ, ದೇವ್ರು ಬಿಸ್ಲಲ್ಲೈತೆ."

ಅವರು ಬಗ್ಗಿ ಮೂಲೆ ನೋಡಿದರು. ಬಿ.ಎ. ಓದಿದವರು, ಆದರೆ ನಮ್ಮ ಚುಕ್ಕೆ ಅವರಿಗೆ ಓದಲು ಬರುವುದಿಲ್ಲ. ದೇವರನ್ನು ಹೊತ್ತ ಎಂಟು ಜನರೂ ಅದರ ಮೇಲೆ ಕಾಲಿಟ್ಟು ದಾಟಿದರು. ಈ ಕೆಲಸದಲ್ಲಿ ನಾನು ಸುಳ್ಳು ಹೇಳಿದ್ದು ಅದೇ ಮೊದಲು.

ಸಂಜೆ ಗಿರಿಜ ಮನೆಗೆ ಬಂದಾಗ ಸೀರೆ ನೆನೆಹಾಕಲು ಹೊರಟಿದ್ದೆ. ದೇವರನ್ನು ಹೊತ್ತವರ ಹೆಜ್ಜೆ ಬಿದ್ದ ಕಡೆ ಕೆಂಪು ಧೂಳು ಮೆತ್ತಿತ್ತು.

"ಒಗೀಬೇಡಜ್ಜಿ. ಅಂಗೇ ಕೊಡು."

"ಕೊಳೆ ಬಟ್ಟೆ ಕೊಟ್ರೆ ಊರೋರು ನಂಗೇನಂತಾರ್ಲೇ?"

ಅವಳು ಕೈ ಚಾಚಿಕೊಂಡೇ ನಿಂತಿದ್ದಳು. ಬೈಯುತ್ತಲೇ, ಧೂಳು ಉದುರದಂತೆ ಒಳಮುಖ ಮಾಡಿ ಮಡಿಸಿಕೊಟ್ಟೆ.

ಅಂದಿನಿಂದ ಸತ್ತವರ ಬಟ್ಟೆ ಯಾರಾದರೂ ತಂದರೆ, ಒಗೆಯಲೋ ಬೇಡವೋ ಎಂದು ಮೊದಲು ಕೇಳುತ್ತೇನೆ.